ವಯಸ್ಸಾದ ದುಡಿಮೆಯ ಕುದುರೆಗಳ ಹಿಂಗಾಲಿನ ಸಂಧಿವಾತ ಮತ್ತು ಕೀಲಿನೊಳಗೆ ನೀಡುವ ಚುಚ್ಚುಮದ್ದು: ಮಾಲೀಕರ ಮಾಹಿತಿಗಾಗಿ

ರಾಜ್ಯದಲ್ಲಿ ಕುದುರೆಗಳ ಸಂಖ್ಯೆಯು ದನ, ಎಮ್ಮೆ, ಕುರಿಗಳಿಗೆ ಹೋಲಿಸಿದಲ್ಲಿ ಅತ್ಯಲ್ಪವಾಗಿದ್ದರೂ, ಮೈಸೂರಿನ ಟಾಂಗಾ ಮತ್ತು ಸಾರೋಟು ಗಾಡಿಗಳನ್ನು ನಡೆಸುವವರು, ಮದುವೆ ಮೆರವಣಿಗೆಗಳಿಗೆ ಕುದುರೆ ಒದಗಿಸುವವರು ಹಾಗೂ ಸವಾರಿ ಶಾಲೆಗಳನ್ನು ನಡೆಸುವವರ ಜೀವನೋಪಾಯವು ಅವುಗಳನ್ನೇ ಅವಲಂಬಿಸಿರುತ್ತದೆ. ಇಂತಹ ಕುದುರೆಗಳು 15 ವರ್ಷ ದಾಟಿದ ನಂತರ ಹಿಂಗಾಲು ಹಿಡಿದುಕೊಳ್ಳುವುದು ಸಾಮಾನ್ಯ ದೂರಾಗಿರುತ್ತದೆ. ಇದಕ್ಕೆ ಕೀಲಿನೊಳಗೆ ನೀಡಲಾಗುವ ಚುಚ್ಚುಮದ್ದಿನ ಬಗ್ಗೆ ಎರಡು ತಪ್ಪು ಭಾವನೆಗಳಿವೆ. ಒಮ್ಮೆ ಚುಚ್ಚಿಸಿದರೆ ಕಾಲು ಪೂರ್ತಿ ವಾಸಿಯಾಗುತ್ತದೆ ಎಂಬುದು ಒಂದು. ಒಮ್ಮೆ ಚುಚ್ಚಿಸಿದರೆ ಕುದುರೆ ಕೆಟ್ಟಂತೆಯೇ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಈ ಚುಚ್ಚುಮದ್ದು ನೋವು ಮತ್ತು ಉರಿಯೂತವನ್ನು ಕೆಲವು ಕಾಲ ತಗ್ಗಿಸುತ್ತದೆಯೇ ಹೊರತು ಸವೆದ ಕೀಲನ್ನು ಹೊಸದಾಗಿಸುವುದಿಲ್ಲ. ಆದ್ದರಿಂದ ಸರಿಯಾದ ತಪಾಸಣೆ ಮತ್ತು ಕೆಲಸದಲ್ಲಿ ಬದಲಾವಣೆ ಇಲ್ಲದೆ ಇದನ್ನು ಕೊಡಿಸುವುದರಿಂದ ಹಣವೂ ನಷ್ಟ, ಕುದುರೆಗೂ ಹಾನಿ.

ತೊಂದರೆ ಇರುವ ಜಾಗ

ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಗಂಟನ್ನು ಪಶುವೈದ್ಯರು ಹಾಕ್ ಕೀಲು ಎಂದು ಕರೆಯುತ್ತಾರೆ. ಇದನ್ನು ಅನೇಕರು ಕುದುರೆಯ ಮಂಡಿ ಎಂದು ತಿಳಿದಿರುತ್ತಾರೆ. ವಾಸ್ತವವಾಗಿ ಇದು ಮನುಷ್ಯರ ಕಣಕಾಲು ಮತ್ತು ಹಿಮ್ಮಡಿಗೆ ಸಮನಾದ ಭಾಗ. ಕುದುರೆಯ ಹಿಂಗಾಲಿನ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿರುತ್ತದೆ. ಹೊರಗೆ ಒಂದೇ ಗಂಟಿನಂತೆ ಕಂಡರೂ ಹಾಕ್‌ನಲ್ಲಿ ಒಂದರ ಕೆಳಗೊಂದರಂತೆ ನಾಲ್ಕು ಕೀಲುಗಳಿವೆ. ಕಾಲು ಮಡಚುವ ಕೆಲಸವನ್ನು ಬಹುಪಾಲು ಮೇಲಿನ ದೊಡ್ಡ ಕೀಲೇ ಮಾಡುತ್ತದೆ. ಕೆಳಗಿನ ಎರಡು ಕೀಲುಗಳಲ್ಲಿ ಚಲನೆ ತೀರ ಕಡಿಮೆಯಿದ್ದು, ಅವು ಮುಖ್ಯವಾಗಿ ಆಘಾತವನ್ನು ತಡೆಯುತ್ತವೆ. ಸಂಧಿವಾತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಕೆಳಗಿನ ಎರಡು ಕೀಲುಗಳಲ್ಲಿಯೇ. ಮೃದ್ವಸ್ಥಿ ಸವೆದು, ಅಂಚಿನಲ್ಲಿ ಎಲುಬು ಬೆಳೆದು, ಹಾಕ್‌ನ ಒಳಬದಿಯ ಕೆಳಭಾಗದಲ್ಲಿ ಗಟ್ಟಿಯಾದ ಉಬ್ಬು ಕೈಗೆ ಸಿಗಬಹುದು.

ಯಾವ ಕೀಲು ಎಂಬ ಪ್ರಶ್ನೆ ಮುಂದಿನ ಎಲ್ಲ ನಿರ್ಧಾರಗಳಿಗೂ ಆಧಾರವಾಗಿರುತ್ತದೆ. ಕೆಳಗಿನ ಕೀಲುಗಳ ಎಲುಬುಗಳು ಕಾಲಕ್ರಮದಲ್ಲಿ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಹಾಗೆ ಪೂರ್ಣವಾಗಿ ಬೆಸೆದುಕೊಂಡಲ್ಲಿ ನೋವು ಬಹುತೇಕ ನಿಂತುಹೋಗುತ್ತದೆ, ಚಲನೆಗೆ ಹೆಚ್ಚಿನ ಕುಂದೂ ಆಗುವುದಿಲ್ಲ. ಆದರೆ ಇದಕ್ಕೆ ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು. ಕೆಲವು ಕುದುರೆಗಳಲ್ಲಿ ಆಗದೆಯೂ ಇರಬಹುದು. ಮೇಲಿನ ದೊಡ್ಡ ಕೀಲು ಸವೆದಿದ್ದಲ್ಲಿ ಇಂತಹ ನಿರೀಕ್ಷೆಗೆ ಅವಕಾಶವಿಲ್ಲ.

ಡಾಂಬರು ಮತ್ತು ಸಿಮೆಂಟು ರಸ್ತೆಯ ಮೇಲಿನ ಓಟ, ನಿಂತ ಗಾಡಿಯನ್ನು ಎಳೆದು ಚಾಲನೆಗೆ ತರುವ ಶ್ರಮ, ಇಕ್ಕಟ್ಟಾದ ತಿರುವು, ತಪ್ಪಾಗಿ ಕಟ್ಟಿದ ಲಾಳ, ಅತಿ ತೂಕ ಇವು ಸವೆತವನ್ನು ಹೆಚ್ಚಿಸುತ್ತವೆ. ಅಮೆರಿಕದ ರೋಡಿಯೋ ಕ್ರೀಡೆಯಲ್ಲಿ ಮೂರು ಪೀಪಾಯಿಗಳನ್ನು ಅತಿವೇಗವಾಗಿ ಸುತ್ತಿ ಬರುವ ಕುದುರೆಗಳಲ್ಲಿಯೂ ಇದೇ ಕೀಲುಗಳು ಸವೆಯುತ್ತವೆ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಗುರುತಿಸುವ ಬಗೆ

ಒಂದೇ ಕಾಲಿಗೆ ನೋವಿದ್ದರೆ ಕುದುರೆ ಕುಂಟುವುದು ಯಾರಿಗಾದರೂ ಕಾಣುತ್ತದೆ. ಆದರೆ ಈ ಕಾಯಿಲೆಯು ಅನೇಕ ವೇಳೆ ಎರಡೂ ಹಿಂಗಾಲುಗಳಲ್ಲಿ ಇರುವುದರಿಂದ, ಕುಂಟು ಕಾಣದೆ ಹೆಜ್ಜೆ ಮಾತ್ರ ಚಿಕ್ಕದಾಗುತ್ತದೆ. ಮಾಲೀಕರು ಇದನ್ನು ಸೋಮಾರಿತನ ಅಥವಾ ಮೊಂಡುತನವೆಂದು ಭಾವಿಸಿ ಚಾವಟಿ ಬಳಸುವುದುಂಟು. ಬೆಳಿಗ್ಗೆ ಲಾಯದಿಂದ ಹೊರಬರುವಾಗ ಬಿಗಿಯಾಗಿ ನಡೆದು, ಸ್ವಲ್ಪ ದೂರ ಸಾಗಿದ ನಂತರ ಸಡಿಲವಾಗುವುದು. ಹಿಂಗಾಲಿನ ಲಾಳದ ಮುಂಭಾಗ ಮಾತ್ರ ಬೇಗ ಸವೆಯುವುದು. ಇಳಿಜಾರಿನಲ್ಲಿ ಗಾಡಿಯ ಭಾರ ತಡೆಯಲು ಅಥವಾ ಹಿಂದಕ್ಕೆ ಸರಿಯಲು ಹಿಂಜರಿಯುವುದು. ಬೆನ್ನು ಮುಟ್ಟಿದರೆ ಕುಗ್ಗುವುದು ಇವುಗಳನ್ನು ಗಮನಿಸತಕ್ಕದ್ದು. ಲಾಳ ಕಟ್ಟುವವರು ಮಾಲೀಕರಿಗಿಂತ ಮೊದಲೇ ಇದನ್ನು ತಿಳಿದಿರುತ್ತಾರೆ. ಹಿಂಗಾಲು ಎತ್ತಿ ಹಿಡಿದಾಗ ಕುದುರೆಯು ಪದೇ ಪದೇ ಕಿತ್ತುಕೊಳ್ಳುತ್ತಿದೆಯೇ ಎಂದು ಅವರನ್ನು ಕೇಳುವುದು ಸೂಕ್ತ.

ಗೊರಸಿನಲ್ಲಿ ಕೀವು, ಲಾಳದ ಮೊಳೆ ಚುಚ್ಚಿರುವುದು, ಮಂಡಿಚಿಪ್ಪು ಸಿಕ್ಕಿಕೊಳ್ಳುವುದು ಮುಂತಾದವುಗಳಿಂದಲೂ ಹಿಂಗಾಲು ಕುಂಟಬಹುದಾದ್ದರಿಂದ ಲಕ್ಷಣ ನೋಡಿದ ಮಾತ್ರಕ್ಕೆ ತೀರ್ಮಾನಕ್ಕೆ ಬರಬಾರದು. ಪಶುವೈದ್ಯರು ಕಾಲನ್ನು ಸುಮಾರು ಒಂದು ನಿಮಿಷ ಮಡಚಿ ಹಿಡಿದು, ನಂತರ ಕುದುರೆಯನ್ನು ಮೆಲ್ಲೋಟದಲ್ಲಿ ಓಡಿಸಿ ನೋಡುತ್ತಾರೆ. ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ. ಅಗತ್ಯವಿದ್ದಲ್ಲಿ ಕೀಲಿಗೆ ಅರಿವಳಿಕೆ ನೀಡಿ ಕುಂಟು ಮಾಯವಾಗುವುದೇ ಎಂದು ಪರೀಕ್ಷಿಸುತ್ತಾರೆ. ಈ ಕೊನೆಯ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹವಾದುದು, ಏಕೆಂದರೆ ಚಿತ್ರದಲ್ಲಿ ಕಾಣುವ ಸವೆತಕ್ಕೂ ಕುದುರೆ ಅನುಭವಿಸುವ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ತಪಾಸಣೆಯ ವೆಚ್ಚ ಉಳಿಸಲು ನೇರವಾಗಿ ಚುಚ್ಚುಮದ್ದಿಗೆ ಹೋಗುವುದು ಉಳಿತಾಯವಲ್ಲ.

ಚುಚ್ಚುಮದ್ದು

ಸಾಮಾನ್ಯವಾಗಿ ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧಗಳನ್ನು, ಕೆಲವೊಮ್ಮೆ ಹಯಾಲುರಾನಿಕ್ ಆಮ್ಲದೊಂದಿಗೆ, ಕೀಲಿನೊಳಗೆ ನೀಡಲಾಗುತ್ತದೆ. ಮೀಥೈಲ್ ಪ್ರೆಡ್ನಿಸೊಲೋನ್ ಮೃದ್ವಸ್ಥಿಗೆ ಹೆಚ್ಚು ಹಾನಿಕರವಾದ್ದರಿಂದ, ಚಲನೆ ಹೆಚ್ಚಿರುವ ಕೀಲುಗಳಿಗೆ ಅದನ್ನು ಬಳಸಲು ಪಶುವೈದ್ಯರು ಹಿಂಜರಿಯುತ್ತಾರೆ. ಕುದುರೆಯ ಸ್ವಂತ ರಕ್ತದಿಂದ ತಯಾರಿಸುವ ಔಷಧಗಳೂ ಇವೆ; ಅವು ದುಬಾರಿ.

ಕೀಲಿನೊಳಗೆ ಸೂಜಿ ಹೋಗುವ ಕಾರಣ ಶುಚಿತ್ವದ ವಿಷಯದಲ್ಲಿ ಯಾವುದೇ ರಿಯಾಯಿತಿ ಇರುವುದಿಲ್ಲ. ಗಾಳಿಧೂಳಿಲ್ಲದ, ಸಗಣಿ ತೆಗೆದ ಒಣ ಜಾಗದಲ್ಲಿ, ಚರ್ಮವನ್ನು ಕ್ರಿಮಿನಾಶಕದಿಂದ ಹಲವು ನಿಮಿಷ ಉಜ್ಜಿ ತೊಳೆದು, ಶುದ್ಧೀಕೃತ ಕೈಗವಸು ಧರಿಸಿ, ಹೊಸ ಸೂಜಿ ಮತ್ತು ಹೊಸದಾಗಿ ತೆರೆದ ಸೀಸೆಯಿಂದ ನೀಡತಕ್ಕದ್ದು. ಟಾಂಗಾ ನಿಲ್ದಾಣದಲ್ಲಿ ಅಥವಾ ರಸ್ತೆಬದಿಯಲ್ಲಿ, ಪಶುವೈದ್ಯರಲ್ಲದವರಿಂದ ಯಾವ ಕಾರಣಕ್ಕೂ ಹಾಕಿಸಬಾರದು. ಈ ಹಿಂದೆ ಗೊರಸಿನ ಉರಿಯೂತವಾಗಿದ್ದ ಕುದುರೆ, ಕತ್ತಿನ ಮೇಲೆ ಕೊಬ್ಬು ಕಟ್ಟಿದ ಕುದುರೆ ಹಾಗೂ ಬೇಸಿಗೆಯಲ್ಲೂ ಉದ್ದ ಕೂದಲು ಉದುರಿಸದ ಮುದಿ ಕುದುರೆಗಳಿಗೆ ಸ್ಟೀರಾಯ್ಡ್ ನೀಡಿದಲ್ಲಿ ಗೊರಸಿನ ಉರಿಯೂತ ಮರುಕಳಿಸುವ ಅಪಾಯವಿರುವುದರಿಂದ, ಈ ಸಂಗತಿಗಳನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ಮೊದಲ ದಿನ ಲಾಯದಲ್ಲಿಯೇ ವಿಶ್ರಾಂತಿ, ನಂತರ ಕೆಲವು ದಿನ ಕೈಯಲ್ಲಿ ಹಿಡಿದು ನಡೆಸುವುದು, ಅನಂತರ ಹಗುರ ಕೆಲಸ ಎಂಬುದು ಸಾಮಾನ್ಯ ಕ್ರಮ. ಪೂರ್ಣ ಕೆಲಸಕ್ಕೆ ಎಂದು ಮರಳಬೇಕು ಎಂಬುದನ್ನು ಚಿಕಿತ್ಸೆ ನೀಡಿದ ವೈದ್ಯರೇ ತಿಳಿಸಬೇಕು. ಚುಚ್ಚಿದ ಮೊದಲ ಎರಡು ವಾರಗಳಲ್ಲಿ ಕೀಲು ಬಿಸಿಯಾಗಿ ಊದಿಕೊಂಡು, ಕುದುರೆಯು ಕಾಲು ಊರಲಾಗದಷ್ಟು ಕುಂಟಿದಲ್ಲಿ ಅದನ್ನು ಕೀಲಿನ ಸೋಂಕು ಎಂದೇ ಭಾವಿಸತಕ್ಕದ್ದು. ಇದು ತುರ್ತು ಪರಿಸ್ಥಿತಿ. ನೋವಿನ ಮಾತ್ರೆ ಕೊಟ್ಟು ಬೆಳಗಾಗುವವರೆಗೆ ಕಾಯುವುದರಿಂದ ಕುದುರೆಯ ಪ್ರಾಣಕ್ಕೇ ಅಪಾಯವಾಗಬಹುದು.

ದಸರಾ ಮತ್ತು ರಜಾ ದಿನಗಳಲ್ಲಿ ಪ್ರವಾಸಿಗರು ಹೆಚ್ಚಾಗುವುದರಿಂದ, ಅದಕ್ಕೆ ಸರಿಯಾಗಿ ಚುಚ್ಚುಮದ್ದು ಕೊಡಿಸಿ ಕುದುರೆಯನ್ನು ಎಂದಿಗಿಂತ ಹೆಚ್ಚು ದುಡಿಸುವ ಆಲೋಚನೆ ಬರುವುದು ಸಹಜ. ಒಂದು ತಿಂಗಳ ಸಂಪಾದನೆ ಕುಟುಂಬದ ಹಲವು ತಿಂಗಳ ಆಧಾರವಾಗಿರುವಾಗ ಇದನ್ನು ದುರಾಸೆ ಎನ್ನಲಾಗದು. ಆದರೂ ನೋವು ಎಂಬ ಎಚ್ಚರಿಕೆ ಇಲ್ಲದ ಕೀಲಿನ ಮೇಲೆ ಹೆಚ್ಚಿನ ಭಾರ ಬಿದ್ದಲ್ಲಿ ಸವೆತವು ಮತ್ತಷ್ಟು ತೀವ್ರವಾಗುತ್ತದೆ.

ಲೆಕ್ಕ ಇಡುವುದು

ಉಪಶಮನವು ಕೆಲವು ಕುದುರೆಗಳಲ್ಲಿ ಆರು ತಿಂಗಳಿಗೂ ಮೀರಿ ಇರುತ್ತದೆ, ಕೆಲವುಗಳಲ್ಲಿ ಕೆಲವೇ ವಾರ. ಇದನ್ನು ನೆನಪಿನಿಂದ ಹೇಳಲಾಗದು. ಆದ್ದರಿಂದ ಒಂದು ಸಣ್ಣ ಪುಸ್ತಕದಲ್ಲಿ ಚುಚ್ಚುಮದ್ದಿನ ದಿನಾಂಕ, ಔಷಧ, ಪ್ರಮಾಣ, ಯಾವ ಕಾಲಿನ ಯಾವ ಕೀಲು, ತಗುಲಿದ ವೆಚ್ಚ ಹಾಗೂ ಬಿಗಿತ ಮತ್ತೆ ಕಾಣಿಸಿಕೊಂಡ ದಿನಾಂಕಗಳನ್ನು ಬರೆದಿಡಲು ಕೋರಲಾಗಿದೆ. ವೆಚ್ಚವನ್ನು ಉಪಶಮನ ದೊರೆತ ದಿನಗಳಿಂದ ಭಾಗಿಸಿದಲ್ಲಿ ಚಿಕಿತ್ಸೆಯ ನಿಜವಾದ ಬೆಲೆ ತಿಳಿಯುತ್ತದೆ. ಉದಾಹರಣೆಗೆ, ಮೊದಲ ಬಾರಿ ಎಂಟು ತಿಂಗಳು, ಎರಡನೆಯ ಬಾರಿ ಐದು, ಮೂರನೆಯ ಬಾರಿ ಎರಡು ತಿಂಗಳು ಉಪಶಮನ ದೊರೆತಿದ್ದರೆ, ಅದೇ ಮೊತ್ತಕ್ಕೆ ಪ್ರತಿದಿನದ ವೆಚ್ಚ ನಾಲ್ಕು ಪಟ್ಟಾದಂತಾಯಿತು. ಇದು ನಾಲ್ಕನೆಯ ಚುಚ್ಚುಮದ್ದಿನ ದಿನವನ್ನು ಗೊತ್ತುಪಡಿಸುವ ಸಮಯವಲ್ಲ. ಮರುತಪಾಸಣೆ ಮಾಡಿಸಿ, ಕುದುರೆಯ ಕೆಲಸವನ್ನು ತಗ್ಗಿಸುವ ಅಥವಾ ನಿಲ್ಲಿಸುವ ಸಮಯ. ಕುದುರೆಯನ್ನು ಕೊಳ್ಳುವವರು ಸಹ ಇಂತಹ ಪುಸ್ತಕ ಇದೆಯೇ ಎಂದು ಕೇಳುವುದು ಒಳ್ಳೆಯದು.

ದಿನನಿತ್ಯದ ಪಾಲನೆ

ಚುಚ್ಚುಮದ್ದಿಗಿಂತ ಹೆಚ್ಚಿನ ಪ್ರಯೋಜನ ಅನೇಕ ವೇಳೆ ಇದರಿಂದಲೇ ದೊರೆಯುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸತಕ್ಕದ್ದು. ಗೊರಸಿನ ಮುಂಭಾಗ ಉದ್ದ ಬೆಳೆದಷ್ಟೂ ಹಾಕ್ ಕೀಲಿಗೆ ಶ್ರಮ ಹೆಚ್ಚು. ದಿನವಿಡೀ ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕುವುದರಿಂದ ಕೀಲು ಮತ್ತಷ್ಟು ಬಿಗಿಯುತ್ತದೆ. ಕೆಲಸವಿಲ್ಲದ ದಿನವೂ ಮಣ್ಣಿನ ನೆಲದಲ್ಲಿ ಅಡ್ಡಾಡಲು ಬಿಡಬೇಕು. ಗಾಡಿಗೆ ಕಟ್ಟಿದ ಮೊದಲ ಹತ್ತು-ಹದಿನೈದು ನಿಮಿಷ ನಡಿಗೆಯಲ್ಲಿಯೇ ಸಾಗಬೇಕು. ಕೆಲಸ ಕಡಿಮೆ ಮಾಡಿದ ಕುದುರೆಗೆ ಹುರುಳಿ ಮತ್ತು ಬೂಸಾವನ್ನು ಹಿಂದಿನಷ್ಟೇ ಕೊಟ್ಟರೆ ತೂಕ ಏರಿ ಕೀಲಿಗೆ ಹೊರೆಯಾಗುವುದರಿಂದ, ದಾಣಿಯನ್ನು ಇಳಿಸಿ ಒಣಹುಲ್ಲನ್ನು ಹೆಚ್ಚಿಸಬೇಕು. ಕಾಲಿಗೆ ಬರೆ ಹಾಕುವ ಪದ್ಧತಿಯು ಕೆಲವೆಡೆ ಇನ್ನೂ ಇದ್ದು, ಇದರಿಂದ ಪ್ರಾಣಿಗೆ ಹಿಂಸೆಯಾಗುವುದೇ ಹೊರತು ಕೀಲಿಗೆ ಪ್ರಯೋಜನವಿಲ್ಲ.

ನೋವು ನಿವಾರಕಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಡಬಾರದು, ಎರಡನ್ನು ಒಟ್ಟಿಗೆ ಎಂದೂ ಕೊಡಬಾರದು. ಹೊಟ್ಟೆಹುಣ್ಣು ಮತ್ತು ಮೂತ್ರಪಿಂಡದ ಹಾನಿ ಇವುಗಳ ಪರಿಣಾಮ. ನೀರು ಸಾಲದ ಕುದುರೆಯಲ್ಲಿ ಈ ಅಪಾಯ ಹೆಚ್ಚು. ಡೈಕ್ಲೊಫೆನಾಕ್ ಅನ್ನು ಪ್ರಾಣಿಗಳಿಗೆ ಬಳಸುವುದನ್ನು 2006ರಲ್ಲಿ, ಕೀಟೊಪ್ರೊಫೇನ್ ಮತ್ತು ಅಸಿಕ್ಲೊಫೆನಾಕ್ ಅನ್ನು 2023ರಲ್ಲಿ ಕೇಂದ್ರ ಸರ್ಕಾರವು ನಿಷೇಧಿಸಿದೆ. ಈ ಔಷಧ ಪಡೆದ ಪ್ರಾಣಿಯ ಕಳೇಬರ ತಿಂದ ರಣಹದ್ದುಗಳು ಸಾಯುತ್ತವೆ ಎಂಬುದೇ ಇದಕ್ಕೆ ಕಾರಣ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ವನ್ಯಧಾಮವಿರುವುದನ್ನು ಆ ಭಾಗದ ಮಾಲೀಕರು ವಿಶೇಷವಾಗಿ ಗಮನಿಸತಕ್ಕದ್ದು. ಮನುಷ್ಯರ ಔಷಧ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ಕುದುರೆಗೆ ಹಾಕುವುದೂ ನಿಷೇಧದ ವ್ಯಾಪ್ತಿಗೆ ಬರುತ್ತದೆ.

ಕಾನೂನಿನ ಅಂಶ

ವಯಸ್ಸು, ಕಾಯಿಲೆ ಅಥವಾ ಅಶಕ್ತತೆಯಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ 11ನೇ ಪ್ರಕರಣದಡಿ ಅಪರಾಧವಾಗಿರುತ್ತದೆ. ಚುಚ್ಚುಮದ್ದಿನಿಂದ ಕುಂಟು ಮರೆಯಾದ ಮಾತ್ರಕ್ಕೆ ಕುದುರೆ ಯೋಗ್ಯವಾಯಿತೆಂದು ಭಾವಿಸಬಾರದು. ಭಾರ ಎಳೆಯುವ ಪ್ರಾಣಿಗಳ ಬಗೆಗಿನ 1965ರ ನಿಯಮಗಳಂತೆ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ಹಾಗೂ ಉಷ್ಣಾಂಶವು 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ದುಡಿಸುವಂತಿಲ್ಲ. ಇವು ಆರೋಗ್ಯವಂತ ಪ್ರಾಣಿಗೆ ನಿಗದಿಪಡಿಸಿದ ಗರಿಷ್ಠ ಮಿತಿಗಳು. ಸಂಧಿವಾತವಿರುವ ಕುದುರೆಗೆ ಎಷ್ಟು ಕೆಲಸ ಎಂಬುದನ್ನು ಪಶುವೈದ್ಯರ ಸಲಹೆಯಂತೆ ಇನ್ನೂ ಕಡಿಮೆ ಗೊತ್ತುಪಡಿಸಿಕೊಳ್ಳತಕ್ಕದ್ದು.

ಹೆಚ್ಚಿನ ಸಲಹೆಗಾಗಿ ಸಮೀಪದ ಪಶು ಆಸ್ಪತ್ರೆಯನ್ನು ಅಥವಾ ಉಚಿತ ಸಹಾಯವಾಣಿ 1962ನ್ನು ಸಂಪರ್ಕಿಸಬಹುದು. ಸ್ಥಳೀಯವಾಗಿ ಕ್ಷ-ಕಿರಣ ಸೌಲಭ್ಯ ಇಲ್ಲದಿದ್ದಲ್ಲಿ ಪಶುವೈದ್ಯರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯ ಮುಂತಾದ ಸಂಸ್ಥೆಗಳಿಗೆ ಕಳುಹಿಸಿಕೊಡಬಹುದಾಗಿರುತ್ತದೆ. ತಪಾಸಣೆಗೆ ಹೋಗುವಾಗ ಈ ಹಿಂದಿನ ಚಿಕಿತ್ಸೆಯ ಪುಸ್ತಕವನ್ನೂ, ಸವೆದ ಹಳೆಯ ಲಾಳವಿದ್ದಲ್ಲಿ ಅದನ್ನೂ ಜೊತೆಗೆ ಒಯ್ಯಲು ಕೋರಲಾಗಿದೆ.