ಅರ್ಜಿ, ಆದೇಶ, ಒಪ್ಪಂದ

ಸಂತೆಯಲ್ಲಿ ಒಬ್ಬೊಬ್ಬರೇ ನಿಂತು ಮಾಡುವ ಚೌಕಾಶಿ ನಮಗೆಲ್ಲ ತಿಳಿದದ್ದೇ. ಅರ್ಥಶಾಸ್ತ್ರದಲ್ಲಿ ‘ಸಾಮೂಹಿಕ ಚೌಕಾಶಿ’ ಎನ್ನುವುದು ಬೇರೆ. ದುಡಿಯುವವರು ಸಂಘವಾಗಿ, ತಮ್ಮ ಪ್ರತಿನಿಧಿಗಳ ಮೂಲಕ, ದುಡಿಸುವವರೊಡನೆ ಕುಳಿತು ವೇತನ, ಕೆಲಸದ ಹೊತ್ತು, ರಜೆ ಮೊದಲಾದುವನ್ನು ಗೊತ್ತುಮಾಡಿ, ಬರೆದು, ಇಬ್ಬರೂ ರುಜು ಹಾಕುವುದೇ ಅದು. ಗಿರಣಿಗೂ ಗಣಿಗೂ ಸಲ್ಲುವ ಈ ಮಾತು ವಿದ್ಯಾಲಯಕ್ಕೂ ಸಲ್ಲುವುದೆ? ಇದನ್ನು ಸ್ವಲ್ಪ ವಿಚಾರ ಮಾಡೋಣ.

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಉನ್ನತ ವ್ಯಾಸಂಗದ ವಿದ್ಯಾರ್ಥಿಗಳೇ ಕೆಳಗಿನ ತರಗತಿಗಳಿಗೆ ಪಾಠ ಹೇಳುತ್ತಾರೆ, ಉತ್ತರಪತ್ರಿಕೆ ತಿದ್ದುತ್ತಾರೆ. 1970ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮ್ಯಾಡಿಸನ್‌ನಲ್ಲಿ ಇಂಥ ಬೋಧನಾ ಸಹಾಯಕರ ಸಂಘ ಮುಷ್ಕರ ಹೂಡಿ, ಆ ದೇಶದಲ್ಲಿ ಈ ವರ್ಗದ ಮೊದಲ ಒಪ್ಪಂದವನ್ನು ಪಡೆಯಿತು. 2022ರ ಕೊನೆಯಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸುಮಾರು 48,000 ಮಂದಿ ಬೋಧಕ ವಿದ್ಯಾರ್ಥಿಗಳೂ ಸಂಶೋಧಕರೂ ಕೆಲಸ ನಿಲ್ಲಿಸಿದರು. ಆರು ವಾರಗಳ ಹೊತ್ತಿಗೆ ಹೊಸ ಒಪ್ಪಂದಗಳಾದವು. ಇಂಥ ಒಪ್ಪಂದಕ್ಕೆ ಅವಧಿಯಿರುತ್ತದೆ. ಆ ಅವಧಿಯೊಳಗೆ ಯಾವ ಪಕ್ಷವೂ ತಾನೊಬ್ಬನೇ ಅದನ್ನು ಬದಲಿಸುವಂತಿಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಅತಿಥಿ ಉಪನ್ಯಾಸಕರದು. ಕೊಳ್ಳೇಗಾಲ, ಹನೂರು, ಯಳಂದೂರಿನ ಸರ್ಕಾರಿ ಕಾಲೇಜುಗಳಲ್ಲಿ ಓದಿದವರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಅವರು ಪಡೆಯುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಅದು ‘ಗೌರವಧನ’. 2021ರ ಡಿಸೆಂಬರಿನಲ್ಲಿ ರಾಜ್ಯದಾದ್ಯಂತ ಅವರು ತರಗತಿಗಳನ್ನು ಬಹಿಷ್ಕರಿಸಿದಾಗ ಈ ಧನ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 11,000 ಅಥವಾ 13,000 ರೂಪಾಯಿ ಇತ್ತು. 2022ರ ಜನವರಿಯಲ್ಲಿ ಸರ್ಕಾರ ಅದನ್ನು 26,000ದಿಂದ 32,000 ರೂಪಾಯಿಗಳವರೆಗೆ ಏರಿಸಿತು. 2023ರ ನವೆಂಬರಿನಲ್ಲಿ ಸೇವೆ ಖಾಯಂ ಆಗಬೇಕೆಂದು ಮತ್ತೆ ಮುಷ್ಕರವಾಯಿತು. ಡಿಸೆಂಬರ್ ಕೊನೆಗೆ ಸೇವಾವಧಿಯನ್ನು ನೋಡಿ 5,000ದಿಂದ 8,000 ರೂಪಾಯಿ ಹೆಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಖಾಯಮಾತಿ ಮಾತ್ರ ದೊರೆಯಲಿಲ್ಲ.

ಇದು ಚೌಕಾಶಿಯ ಫಲವಲ್ಲವೆ ಎಂದು ಕೇಳಬಹುದು. ಮುಷ್ಕರದ ಫಲ ಹೌದು, ಒಪ್ಪಂದವಲ್ಲ. ಉಪನ್ಯಾಸಕರು ಅರ್ಜಿ ಕೊಟ್ಟರು, ಸರ್ಕಾರ ಆದೇಶ ಕೊಟ್ಟಿತು. ಆದೇಶಕ್ಕೆ ಒಂದೇ ರುಜು. ಈ ವ್ಯತ್ಯಾಸ ಬರಿಯ ಶಬ್ದದ್ದಲ್ಲವೆಂಬುದು 2022ರ ನಿರ್ಣಯದಲ್ಲಿಯೇ ಕಾಣುತ್ತದೆ. ಗೌರವಧನದೊಡನೆ ಬೋಧನೆಯ ಹೊತ್ತೂ ವಾರಕ್ಕೆ 8-10 ಗಂಟೆಯಿಂದ 15 ಗಂಟೆಗೆ ಏರಿತು. ಒಂದು ವಿಭಾಗದಲ್ಲಿ ವಾರಕ್ಕೆ 30 ಗಂಟೆಯ ಪಾಠವಿದೆಯೆಂದು ಇಟ್ಟುಕೊಳ್ಳಿ. ತಲಾ 10 ಗಂಟೆಯಾದರೆ ಮೂವರಿಗೆ ಕೆಲಸ. 15 ಗಂಟೆಯಾದರೆ ಇಬ್ಬರಿಗೆ. ಉಳಿದ ಇಬ್ಬರ ಕೈಗೆ ಹೆಚ್ಚು ಹಣ ಬಂತು, ನಿಜ. ಮೂರನೆಯವರು ಮನೆಗೆ ಹೋದರು. ಒಟ್ಟಿಗೆ ಮುಷ್ಕರ ಹೂಡಿದವರಲ್ಲಿಯೇ ಒಬ್ಬರ ಏರಿಕೆ ಇನ್ನೊಬ್ಬರ ನಷ್ಟವಾಯಿತು. ಒಪ್ಪಂದದ ಮೇಜಿನಲ್ಲಿ ಆ ಮೂರನೆಯವರ ಪರವಾಗಿಯೂ ಒಬ್ಬರು ಕೂತಿರುತ್ತಾರೆ.

ಹಾಗಾದರೆ ಒಪ್ಪಂದವೇಕೆ ಆಗುವುದಿಲ್ಲ? ಕಾನೂನಿನ ದಾರಿ ಕಿರಿದಾಗಿದೆ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಆದರೆ ಚೌಕಾಶಿಯ ಹಕ್ಕು ಅದರೊಳಗೆ ಸೇರಿಲ್ಲವೆಂದು ಸುಪ್ರೀಂ ಕೋರ್ಟು ಬ್ಯಾಂಕ್ ನೌಕರರ ಮೊಕದ್ದಮೆಯಲ್ಲಿ ಹೇಳಿತು. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಶಿಕ್ಷಣ ಸಂಸ್ಥೆಯೂ ‘ಕೈಗಾರಿಕೆ’ಯ ಅರ್ಥದೊಳಗೆ ಬರುತ್ತದೆಂದು ತೀರ್ಪಾಯಿತು. ಆದರೆ 1988ರಲ್ಲಿ, ಗೋವೆಯ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಬೋಧಕರು ‘ಕಾರ್ಮಿಕ’ರಲ್ಲವೆಂದು ಅದೇ ನ್ಯಾಯಾಲಯ ನಿರ್ಣಯಿಸಿತು. ಕೈಗಾರಿಕೆಯುಂಟು, ಕಾರ್ಮಿಕನಿಲ್ಲ! ಇನ್ನು ಖಾಯಮಾತಿಗೆ ಅಡ್ಡ ನಿಂತದ್ದು 2006ರ ಉಮಾದೇವಿ ಪ್ರಕರಣದ ತೀರ್ಪು. ಅದು ಹುಟ್ಟಿದ್ದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ. ನಿಯಮದಂತೆ ಆಯ್ಕೆಯಾಗದವರು ಬಹುಕಾಲ ದುಡಿದ ಮಾತ್ರಕ್ಕೆ ಖಾಯಂ ಹುದ್ದೆಗೆ ಹಕ್ಕುದಾರರಾಗುವುದಿಲ್ಲ ಎಂದು ಅದು ಸಾರಿತು.

ಈ ತೀರ್ಪಿನ ಹಿಂದಿರುವ ನ್ಯಾಯವನ್ನೂ ನಾವು ಮರೆಯಬಾರದು. ಹುದ್ದೆ ಸಾರ್ವಜನಿಕರದು. ಇಂದು ಬೆಂಚಿನ ಮೇಲೆ ಕುಳಿತಿರುವ ನಮ್ಮಲ್ಲಿ ಕೆಲವರು ನಾಳೆ ಎಂ.ಎ. ಮಾಡಿ ಅದೇ ಹುದ್ದೆಗೆ ಪರೀಕ್ಷೆ ಬರೆಯುವವರು. ಅವರಿಗೂ ಬಾಗಿಲು ತೆರೆದಿರಬೇಕು. ಆದರೆ ವರ್ಷ ವರ್ಷವೂ ಇರುವ ಪಾಠಕ್ಕೆ ವರ್ಷ ವರ್ಷವೂ ‘ಅತಿಥಿ’ಯನ್ನು ಕರೆಯುವುದು ಆ ನ್ಯಾಯದ ಪಾಲನೆಯಲ್ಲ. ಪರೀಕ್ಷೆ ನಡೆಸಿ ಹುದ್ದೆ ತುಂಬುವುದು ಒಂದು ಕರ್ತವ್ಯವಾದರೆ, ತುಂಬುವವರೆಗೆ ದುಡಿಯುವವರೊಡನೆ ಕುಳಿತು ಮಾತಾಡುವುದು ಇನ್ನೊಂದು.

ಕಾನೂನೊಂದೇ ಸಾಲದೆಂಬುದೂ ನಿಜ. ಮೊದಲ ಒಪ್ಪಂದ ಕಂಡ ವಿಸ್ಕಾನ್ಸಿನ್ ರಾಜ್ಯವೇ 2011ರಲ್ಲಿ ಸರ್ಕಾರಿ ನೌಕರರ ಚೌಕಾಶಿಯ ಹಕ್ಕನ್ನು ಬಹಳಮಟ್ಟಿಗೆ ಮೊಟಕುಮಾಡಿತು. ಅದೇ ರೀತಿ, ಕಾನೂನು ಒತ್ತಾಯಿಸದಿದ್ದರೂ ಕುಳಿತು ಮಾತಾಡುವುದನ್ನು ಯಾವ ತೀರ್ಪೂ ನಿಷೇಧಿಸಿಲ್ಲ. ವಾರಕ್ಕೆ ಎಷ್ಟು ಗಂಟೆ, ಕೈಬಿಡುವ ಮುನ್ನ ಎಷ್ಟು ದಿನದ ತಿಳುವಳಿಕೆ, ಗೌರವಧನ ಯಾವ ತಾರೀಖಿಗೆ ಎಂಬ ಮೂರು ಮಾತುಗಳನ್ನು ವರ್ಷಾರಂಭದಲ್ಲಿ ಎರಡು ರುಜುಗಳೊಡನೆ ಬರೆದಿಟ್ಟರೆ ಬಹಳ ಜಗಳ ತಪ್ಪುತ್ತದೆ.

ಅದರೊಡನೆ ನಾಲ್ಕನೆಯದೊಂದನ್ನು ಸೇರಿಸುವಂತೆ ವಿದ್ಯಾರ್ಥಿಗಳಾದ ನಾವು ಕೇಳಬೇಕು: ನಿಂತುಹೋದ ಪಾಠ ಯಾವಾಗ ನಡೆಯುತ್ತದೆ? ಮಹದೇಶ್ವರ ಬೆಟ್ಟದ ಕಡೆಯಿಂದ, ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರಿಗೆ ಮನೆಪಾಠದ ಅನುಕೂಲವಿಲ್ಲ. ತರಗತಿಯಲ್ಲಿ ಸಿಕ್ಕದ್ದೇ ಅವರ ವಿದ್ಯೆ.