ಮಳೆ ಹಿಂದೆಗೆದಾಗ ರಾಗಿಯ ಪೈರು

ಬೆಂಗಳೂರಿನ ತೆಂಕಣ ದಿಕ್ಕಿನ ವಸಂತಪುರವು ಈಗ ನಗರದೊಳಗೆ ಸೇರಿಹೋಗಿದೆ. ಆದರೆ ಅಲ್ಲಿಯ ಕೆಮ್ಮಣ್ಣೂ ಮಳೆಯ ಕ್ರಮವೂ ಆನೇಕಲ್, ಕನಕಪುರ, ಮಾಗಡಿ ಸೀಮೆಗಳ ರಾಗಿಯ ಹೊಲಗಳಿಗೂ ಬಹುಮಟ್ಟಿಗೆ ಸಲ್ಲತಕ್ಕವು. ಈ ಪ್ರಾಂತದಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೊಮ್ಮೆ ಮಳೆ ಹೆಚ್ಚು. ನಡುವೆ ಆಕಾಶವು ಬರಿದಾಗುವುದು ಅಪರೂಪವಲ್ಲ. 2023ನೆಯ ಇಸವಿಯ ಆಗಸ್ಟ್ ತಿಂಗಳು 1901ರಿಂದೀಚೆಗೆ ಭಾರತದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್ ಆಯಿತು. ಮರು ತಿಂಗಳಲ್ಲಿಯೇ ಕರ್ನಾಟಕದ 195 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು.

ಒಣ ಹವೆಯ ಹಾನಿಯನ್ನು ಮಳೆಯಿಲ್ಲದ ದಿನಗಳಿಂದ ಮಾತ್ರ ಅಳೆಯಲಾಗದು. ಪೈರಿನ ವಯಸ್ಸನ್ನೂ ಎಣಿಸತಕ್ಕದ್ದು. ಜುಲೈ ನಡುವಿನಲ್ಲಿ ಬಿತ್ತಿದ ರಾಗಿಯು ಮಖೆಯ ಕಾಲಕ್ಕೆ ತೆಂಡೆಯೊಡೆಯುತ್ತಿರುವುದು. ಆಗ ತೇವವಾರಿದರೆ ಎಲೆಗಳು ಸುರುಳಿಗೊಂಡು ಬೆಳವಣಿಗೆ ನಿಲ್ಲುವುದು. ತೆಂಡೆಗಳು ಕಡಿಮೆಯಾದರೂ ಮಳೆ ಮರಳಿದೊಡನೆ ಪೈರು ಬಹುಪಾಲು ಚೇತರಿಸಿಕೊಳ್ಳುವುದು. ಉತ್ತರೆಯ ಕಾಲದ ಒಣಹವೆಯು ಹಾಗಲ್ಲ. ಆಗ ತೆನೆ ಹೊರಟು ಹೂವಾಗುವ ಸಮಯ. ಹೂವು ಒಣಗಿದರೆ ಕಾಳು ಕಟ್ಟದು. ಹಾಲುಗಾಳಿನಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುವುದು. ಆಮೇಲೆ ಎಷ್ಟು ಮಳೆ ಸುರಿದರೂ ಹೋದ ಕಾಳು ಮರಳದು.

ಆದಕಾರಣ ಆಗಸ್ಟಿನಲ್ಲಿ ಪೈರು ಬಾಡಿತೆಂದು ಅವಸರಪಟ್ಟು ಅದನ್ನು ದನಗಳಿಗೆ ಕೊಯ್ದುಹಾಕುವುದು ಯುಕ್ತವಲ್ಲ. ಆ ಹೊತ್ತಿಗೆ ಸಾಲುಗಳ ನಡುವೆ ಎಡೆಕುಂಟೆಯನ್ನು ಮೇಲುಮೇಲೆ ಹೊಡೆಯಿಸಬೇಕು. ಕೆಮ್ಮಣ್ಣಿನ ಮೇಲ್ಪದರ ಗಟ್ಟಿಯಾಗಿ ಬಿರುಕುಬಿಡುವುದು ತಪ್ಪಿ, ಪುಡಿಮಣ್ಣಿನ ಹೊದಿಕೆಯು ಕೆಳಗಿನ ತೇವವನ್ನು ಕಾಯುವುದು. ನೀರಿಗೆ ಪಾಲುಗೊಳ್ಳುವ ಕಳೆಯೂ ಸಾಯುವುದು. ಒತ್ತಾದ ಪೈರನ್ನು ತೆಳುಮಾಡಬೇಕು. ಮಣ್ಣಿನಲ್ಲಿ ಹಸಿಯಿಲ್ಲದಾಗ ಯೂರಿಯಾ ಮೇಲುಗೊಬ್ಬರವನ್ನು ಹಾಕದೆ, ಮಳೆ ಬರುವವರೆಗೆ ಕಾಯತಕ್ಕದ್ದು. ತೆನೆ ಹೊರಡುವ ಸಮಯದಲ್ಲಿ ಬೇರು ಕಡಿಯುವಂತೆ ಕುಂಟೆ ಹೊಡೆಯಲಾಗದು.

ಕೃಷಿಹೊಂಡವುಳ್ಳ ಜಮೀನುದಾರರು ನೀರನ್ನು ಮೊದಲ ಬಾಟಕ್ಕೇ ಮುಗಿಸದೆ ಹೂವಿನ ಕಾಲಕ್ಕೆ ಉಳಿಸಿಕೊಳ್ಳುವುದು ಲೇಸು. ಒಂದು ಎಕರೆಗೆ ಎರಡಂಗುಲ ನೀರು ಕೊಡಲು ಸುಮಾರು 2 ಲಕ್ಷ ಲೀಟರು ಬೇಕು. ಹೊಂಡದಲ್ಲಿ ಅಷ್ಟಿಲ್ಲವಾದರೆ, ಇಡೀ ಹೊಲಕ್ಕೆ ಚಿಮುಕಿಸುವುದಕ್ಕಿಂತ ಒಂದು ಭಾಗವನ್ನು ಚೆನ್ನಾಗಿ ನೆನೆಸುವುದೇ ಲಾಭಕರ.

ರಾಗಿಯ ನಡುವೆ ಅಕ್ಕಡಿಸಾಲುಗಳಲ್ಲಿ ಅವರೆಯನ್ನು ಬಿತ್ತುವ ಹಿರಿಯರ ಪದ್ಧತಿಯನ್ನೂ ಬಿಡಲಾಗದು. ರಾಗಿ ಸೋತ ವರ್ಷವೂ ಅವರೆಯು ಹಿಂಗಾರಿನ ತೇವದಲ್ಲಿ ಹೂವಾಗಿ ಮನೆಗೆ ಕಾಳನ್ನೂ ದನಕ್ಕೆ ಮೇವನ್ನೂ ಕೊಡಬಲ್ಲದು. ಗ್ರಾಮದ ಮುಖಂಡರು ಪ್ರತಿ ಹೊಲದ ಬಿತ್ತನೆಯ ತಾರೀಖನ್ನು ಬರೆದಿಡಿಸಿದರೆ, ಮಳೆ ತಪ್ಪಿದಾಗ ಯಾವ ಪೈರಿಗೆ ನೀರು ಮೊದಲು ಸಲ್ಲತಕ್ಕದ್ದೆಂಬುದು ತಾನಾಗಿಯೇ ತಿಳಿಯುವುದು.