ಕೇಳದ ಕಿವಿಗೆ ಹೊಗೆಯಿಂದ ಏನು ನಷ್ಟ?

"ಅವನಿಗೆ ಹೇಗೂ ಕಿವಿ ಕೇಳುವುದಿಲ್ಲ, ಬೀಡಿ ಸೇದಿದರೆ ಇನ್ನು ಹೋಗುವುದಾದರೂ ಏನು?" ನಮ್ಮ ಕೆಲವು ಮನೆಗಳಲ್ಲಿ ಹೀಗೆ ಹೇಳುವವರಿದ್ದಾರೆ. ತಮಾಷೆಗೆ ಹೇಳುವುದಾದರೂ ಮಾತು ತಪ್ಪು. ನಾವು ಕಿವುಡರೆಂದು ಕರೆಯುವ ಹೆಚ್ಚಿನವರಿಗೆ ಸ್ವಲ್ಪವಾದರೂ ಶ್ರವಣಶಕ್ತಿ ಉಳಿದಿರುತ್ತದೆ. ಕೆಲವರಿಗೆ ಬಾಂಕ್ ಕೇಳುತ್ತದೆ, ಕೆಲವರಿಗೆ ಬಸ್ಸಿನ ಹಾರ್ನ್, ಮತ್ತೆ ಕೆಲವರಿಗೆ ಯಂತ್ರ ಹಾಕಿದರೆ ಉಮ್ಮನ ಮಾತು. ಹೊಗೆ ಕೈಹಾಕುವುದು ಈ ಉಳಿಕೆಗೆ.

ಲೆಕ್ಕ ನೋಡಿ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್. 70 ಡೆಸಿಬಲ್‌ನಷ್ಟು ಶ್ರವಣದೋಷ ಇದ್ದವನು ಶ್ರವಣಯಂತ್ರ ಹಾಕಿಕೊಂಡು ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡಬಲ್ಲ. ಅದೇ 90 ದಾಟಿದರೆ ಹೆಚ್ಚಿನವರಿಗೆ ಯಂತ್ರದಿಂದ ಸದ್ದು ಬರುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಚೆನ್ನಾಗಿ ಕೇಳುವವನಿಗೆ 20 ಡೆಸಿಬಲ್ ಹೋದರೆ ಟಿ.ವಿ. ಸ್ವಲ್ಪ ಜೋರು ಮಾಡುತ್ತಾನೆ, ಅಷ್ಟೆ. ಇವನಿಗೆ ಅಷ್ಟು ಹೋದರೆ ಕೆಲಸವೇ ಹೋದಂತೆ.

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂತೆ ಸುರುಳಿಯಾದ ಒಂದು ಭಾಗವಿದೆ. ಅದರಲ್ಲಿ ಹುಟ್ಟುವಾಗ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿರುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವಕ್ಕೆ ರಕ್ತ ಬರುವುದು ಒಂದೇ ಒಂದು ತೆಳ್ಳಗಿನ ರಕ್ತನಾಳದಿಂದ, ಬೇರೆ ದಾರಿ ಇಲ್ಲ. ಮನೆಗೆ ಒಂದೇ ಪೈಪಿನಲ್ಲಿ ನೀರು ಬಂದ ಹಾಗೆ. ನಿಕೋಟಿನ್ ಆ ನಾಳವನ್ನು ಕುಗ್ಗಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಳ್ಳುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೀವರ್ ಡ್ಯಾಮ್ ಎಂಬ ಊರಿನಲ್ಲಿ ನಡೆದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಸೇದದವರಿಗಿಂತ ಸೇದುವವರಲ್ಲಿ ಶ್ರವಣದೋಷದ ಸಾಧ್ಯತೆ ಸುಮಾರು 1.7 ಪಟ್ಟು. ಸೇದುವವರ ಜೊತೆ ಒಂದೇ ಮನೆಯಲ್ಲಿ ಇದ್ದವರಲ್ಲೂ ಹೆಚ್ಚು ಕಂಡಿತು. ಜಪಾನಿನಲ್ಲಿ ಸುಮಾರು 50 ಸಾವಿರ ಕೆಲಸಗಾರರನ್ನು ವರ್ಷಗಟ್ಟಲೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳಿತು. ಬಿಟ್ಟವರಲ್ಲಿ ಐದು ವರ್ಷದೊಳಗೇ ಅಪಾಯ ಇಳಿದದ್ದನ್ನೂ ಅದು ಕಂಡಿತು. ಇವೆಲ್ಲ ಸಾಮಾನ್ಯ ಜನರ ಮೇಲೆ ಮಾಡಿದ ಅಧ್ಯಯನಗಳು, ನಿಜ. ಆದರೆ ಕಿವುಡನ ಕಿವಿಯಲ್ಲಿ ಉಳಿದ ಕೋಶಕ್ಕೂ ಅದೇ ರಕ್ತ, ಅದೇ ಹೊಗೆ.

ಹಾಗಾಗಿ ಸೇದುವವನು ಅಣ್ಣನೋ ತಂದೆಯೋ ಆಗಿ, ಕಿವಿ ಕೇಳದ ಮಗು ಪಕ್ಕದಲ್ಲಿ ಮಲಗಿದ್ದರೂ ಲೆಕ್ಕ ಅದೇ. ಹೊಗೆಯ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ನಡುಕಿವಿಯ ಸೋಂಕು ಹೆಚ್ಚು. ಕಿವಿ ಸೋರುತ್ತಿದ್ದರೆ ಶ್ರವಣಯಂತ್ರದ ಅಚ್ಚು ಹಾಕಲಿಕ್ಕೂ ಆಗುವುದಿಲ್ಲ. ಬೀಡಿ ಕಟ್ಟಿ ಸಂಸಾರ ನಡೆಸಿದ ಉಮ್ಮಂದಿರು ನಮ್ಮಲ್ಲಿ ಎಷ್ಟೋ ಮಂದಿ, ಅವರ ದುಡಿಮೆಯನ್ನು ನಾನು ಹಳಿಯುವುದಿಲ್ಲ. ಮೊರದಲ್ಲಿ ಕಟ್ಟಿದ ಬೀಡಿಯನ್ನು ಮನೆಯ ಒಳಗೇ ಹಚ್ಚುವ ಗಂಡಸರಿಗೆ ಮಾತ್ರ ಈ ಮಾತು.

ಮದ್ಯದ ವಿಷಯ ಈ ಪುಟದಲ್ಲಿ ಬರೆಯಲು ಮುಜುಗರ. ಹರಾಮ್ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಆದರೆ ಖುತ್ಬಾದಲ್ಲಿ ಹೇಳಿದ ಆ ಒಂದು ಮಾತು, ಸಫ್‌ನಲ್ಲಿ ಕೂತ ಕಿವಿ ಕೇಳದ ಯುವಕನಿಗೆ ತಲುಪಿತೇ? ಕೈಸನ್ನೆಯಲ್ಲಿ ಯಾರು ಹೇಳಿದರು? ಸ್ನೇಹಿತರು ಕರೆದಾಗ ಅವನೂ ಹೋಗುತ್ತಾನೆ, ಯಾಕೆಂದರೆ ಅವನನ್ನು ಕರೆಯುವವರೇ ಕಡಿಮೆ.

ಕುಡಿದ ಮೇಲೆ ಸ್ವಲ್ಪ ಹೊತ್ತು ಶ್ರವಣಶಕ್ತಿ ಕುಗ್ಗುತ್ತದೆ, ಮುಖ್ಯವಾಗಿ ದಪ್ಪ ಸ್ವರಗಳಿಗೆ. ತೀವ್ರ ಶ್ರವಣದೋಷ ಇರುವ ಅನೇಕರಲ್ಲಿ ಉಳಿದಿರುವುದು ಆ ದಪ್ಪ ಸ್ವರವೇ. ವರ್ಷಗಟ್ಟಲೆ ವಿಪರೀತ ಕುಡಿದರೆ ಕಿವಿಯಿಂದ ಮಿದುಳಿಗೆ ಹೋಗುವ ನರದ ದಾರಿಯೂ ಕೆಡುತ್ತದೆ. ಇನ್ನೊಂದಿದೆ. ದೇಹದ ಸಮತೋಲನದ ಅಂಗವೂ ಒಳಕಿವಿಯಲ್ಲೇ ಇರುವುದು. ಹುಟ್ಟು ಕಿವುಡರಲ್ಲಿ, ಮೆದುಳು ಜ್ವರದಿಂದ ಕಿವಿ ಕಳೆದುಕೊಂಡವರಲ್ಲಿ ಎಷ್ಟೋ ಮಂದಿಗೆ ಅದು ಮೊದಲೇ ದುರ್ಬಲ. ಅವರು ಕಣ್ಣನ್ನು ನಂಬಿ ನಡೆಯುವವರು. ಕುಡಿದು ಕತ್ತಲಲ್ಲಿ ಹೊರಟರೆ ಕಣ್ಣೂ ಮಂಜು, ಹಿಂದೆ ಬರುವ ಲಾರಿಯ ಹಾರ್ನೂ ಇಲ್ಲ. ತುಟಿ ನೋಡಿ ಮಾತು ತಿಳಿಯುವುದು, ಕೈಸನ್ನೆ ಮಾಡುವುದು, ಎಲ್ಲವೂ ಹೋಯಿತು. ಧೂಮಪಾನದಿಂದ ಕಣ್ಣಿನ ಪೊರೆಯ ಅಪಾಯವೂ ಹೆಚ್ಚು. ಕಿವಿಯ ಕೆಲಸವನ್ನೂ ಕಣ್ಣೇ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಸಿಗರೇಟು ಪ್ಯಾಕೆಟಿನ ಶೇ. 85 ಭಾಗ ಎಚ್ಚರಿಕೆ ಇರಬೇಕೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಕ್ಯಾನ್ಸರಿನ ಆ ಚಿತ್ರಗಳು ಕಿವುಡರಿಗೂ ಅರ್ಥವಾಗುತ್ತವೆ, ಒಳ್ಳೆಯದೇ. ಆದರೆ ಚಟ ಬಿಡಲು ಅದರಲ್ಲೇ ಅಚ್ಚು ಹಾಕಿರುವ 1800-11-2356 ಫೋನಿನಲ್ಲಿ ಮಾತಾಡುವ ನಂಬರ್. ಕೇಳದವನು ಹೇಗೆ ಮಾತಾಡಬೇಕು? ಮನೆಯವರೇ ಅವನ ಪಕ್ಕ ಕೂತು ಫೋನ್ ಮಾಡಬೇಕು. ಇಲ್ಲವಾದರೆ ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರಕ್ಕೆ, ಅವನ ಸನ್ನೆ ತಿಳಿದ ಒಬ್ಬರು ಜೊತೆಗೆ ಹೋಗಬೇಕು. ಹೋದ ದಿನವೇ ಕಿವಿಯ ಆಡಿಯೋಗ್ರಾಮ್ ಪರೀಕ್ಷೆಯನ್ನೂ ಮಾಡಿಸಿ, ಚೀಟಿ ಜೋಪಾನವಾಗಿ ಇಡಿ. ಮುಂದಿನ ವರ್ಷ ಮತ್ತೆ ಮಾಡಿಸಿದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು, ಎಷ್ಟು ಉಳಿದಿದೆ ಎಂದು.